ಜೀವಕೋಶಕ್ಕೊಂದು ಬ್ಯಾಚ್ ನಂಬರ್

ಸುಣ್ಣದ ನೀರೋ ಆಸಿಡ್ಡೋ ಸಿಡಿದು ಕಣ್ಣಿನ ಕಪ್ಪುಗುಡ್ಡೆಯ ಅಂಚು ಸುಟ್ಟುಹೋದರೆ, ಗಾಯ ಮಾಗಿದ ಮೇಲೂ ದೃಷ್ಟಿ ಮರಳುವುದಿಲ್ಲ. ಕಪ್ಪುಗುಡ್ಡೆಯನ್ನು ಮುಚ್ಚುವ ಪಾರದರ್ಶಕ ಕಾರ್ನಿಯಾದ ಮೇಲ್ಪದರ ಸವೆದಂತೆಲ್ಲ ಹೊಸ ಪದರ ಹುಟ್ಟಿಸಿಕೊಡುವ ಆಕರಕೋಶಗಳು, ಅಂದರೆ ಸ್ಟೆಮ್ ಸೆಲ್‌ಗಳು, ಇರುವುದು ಆ ಅಂಚಿನಲ್ಲೇ. ಅವು ಸತ್ತರೆ ಬಿಳಿಗುಡ್ಡೆಯ ಪದರ ರಕ್ತನಾಳಗಳ ಸಮೇತ ಕಾರ್ನಿಯಾದ ಮೇಲೆ ಹಬ್ಬಿಕೊಳ್ಳುತ್ತದೆ. ದಾನಿಯ ಕಾರ್ನಿಯಾ ತಂದು ಕೂರಿಸಿದರೆ ಅದೂ ಅದೇ ಹಾದಿ ಹಿಡಿಯುತ್ತದೆ. ಇಟಲಿಯ ಗ್ರಾಜಿಯೆಲ್ಲಾ ಪೆಲ್ಲೆಗ್ರಿನಿ ಮತ್ತು ಮಿಕೇಲೆ ಡಿ ಲೂಕಾ ಇದಕ್ಕೆ ಕಂಡುಕೊಂಡ ದಾರಿ ಹೀಗಿದೆ: ಸುಡದೆ ಉಳಿದ ಅಂಚಿನಿಂದ ಒಂದೆರಡು ಚದರ ಮಿಲಿಮೀಟರಿನಷ್ಟು ಚೂರು ತೆಗೆದು, ಅದರ ಕೋಶಗಳನ್ನು ಪ್ರಯೋಗಾಲಯದಲ್ಲಿ ತೆಳು ಹಾಳೆಯಾಗಿ ಬೆಳೆಸಿ, ಕೆಟ್ಟ ಕಣ್ಣಿಗೆ ಹಚ್ಚುವುದು. ಹೀಗೆ ಚಿಕಿತ್ಸೆ ಪಡೆದ 112 ಜನರ ಫಲಿತಾಂಶ 2010ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ನಾಲ್ಕರಲ್ಲಿ ಮೂರು ಕಣ್ಣುಗಳಲ್ಲಿ ಕಾರ್ನಿಯಾ ತಿಳಿಯಾಗಿ, ವರ್ಷಗಟ್ಟಲೆ ಹಾಗೆಯೇ ಉಳಿದಿತ್ತು. ಉಳಿದವರಲ್ಲಿ ಯಾಕೆ ಆಗಲಿಲ್ಲ ಎಂಬ ಪ್ರಶ್ನೆಗೆ ಆ ಪ್ರಬಂಧದಲ್ಲಿ ಸಿಕ್ಕ ಉತ್ತರ, ಆಕರಕೋಶ ಚಿಕಿತ್ಸೆಯ ಬಗ್ಗೆ ನಾವು ಕೇಳಬೇಕಾದ ಮೊದಲ ಪ್ರಶ್ನೆಯನ್ನೇ ಬದಲಿಸುವಂಥದ್ದು.

ಬೆಳೆಸಿದ ಕೋಶಗಳಲ್ಲಿ ನಿಜವಾದ ಆಕರಕೋಶಗಳೆಷ್ಟು ಎಂಬುದನ್ನು ಅವರು ಎಣಿಸಿಟ್ಟಿದ್ದರು. ಪಿ63 ಎಂಬ ಪ್ರೋಟೀನು ತುಂಬಿಕೊಂಡು, ಬಣ್ಣ ಹಾಕಿದಾಗ ಪ್ರಖರವಾಗಿ ಕಾಣುವ ಕೋಶಗಳವು. ಅಂಥವು ಶೇ 3ಕ್ಕಿಂತ ಹೆಚ್ಚಿದ್ದಾಗ ಶೇ 78ರಷ್ಟು ಯಶಸ್ಸು. ಶೇ 3 ಅಥವಾ ಅದಕ್ಕಿಂತ ಕಡಿಮೆ ಇದ್ದಾಗ ಬರೀ ಶೇ 11. ಹೆಚ್ಚಿನವರಿಗೆ ಆಗಿದ್ದದ್ದು ಒಂದೇ ಬಗೆಯ ಸುಟ್ಟಗಾಯ, ಮಾಡಿದ ಶಸ್ತ್ರಚಿಕಿತ್ಸೆಯೂ ಒಂದೇ. ಹಚ್ಚಿದ ಹಾಳೆ ಬರಿಗಣ್ಣಿಗೆ ಎಲ್ಲರದ್ದೂ ಒಂದೇ ಥರ ಕಾಣುತ್ತಿತ್ತು. ಹಣೆಬರಹ ಮಾತ್ರ ಬೇರೆಯಾದದ್ದು ಹಾಳೆಯೊಳಗಿನ ಆ ನೂರಕ್ಕೆ ಮೂರರ ಲೆಕ್ಕದಿಂದ. ಅಷ್ಟೂ ಆಕರಕೋಶಗಳನ್ನು ಉಳಿಸಿಕೊಳ್ಳುವ ಹಾಗೆ ಬೆಳೆಸುವುದು, ಉಳಿದಿವೆಯೇ ಎಂದು ಅಳೆಯುವುದು, ಇಲ್ಲವಾದರೆ ಆ ಹಾಳೆಯನ್ನು ರೋಗಿಗೆ ಕೊಡದೆ ತಡೆಹಿಡಿಯುವುದು: ಇವಿಷ್ಟೂ ಸೇರಿದರೆ ಅದು ಔಷಧ. ಇದರಲ್ಲಿ ಒಂದನ್ನು ಕೈಬಿಟ್ಟರೂ ಉಳಿಯುವುದು ಒಂದು ಬಟ್ಟಲು ಜೀವಕೋಶ, ಅಷ್ಟೇ. ನನ್ನ ವಾದ ಇಷ್ಟು. ಆಕರಕೋಶ ಚಿಕಿತ್ಸೆಯಲ್ಲಿ ತಯಾರಿಕೆಯ ಶಿಸ್ತೆಂಬುದು ಸಂಶೋಧನೆ ಮುಗಿದ ಮೇಲೆ ಬರುವ ಕಾಗದಪತ್ರದ ಕೆಲಸವಲ್ಲ, ಅದೇ ಆ ವಿಜ್ಞಾನದ ಹೃದಯಭಾಗ. ಆದ್ದರಿಂದ ‘ವಾಸಿಯಾಗುತ್ತದೆಯೇ’ ಎಂದು ಕೇಳುವ ಮುಂಚೆ ‘ಇದನ್ನು ಹೇಗೆ ಬೆಳೆಸಿದಿರಿ’ ಎಂದು ಕೇಳಬೇಕು.

ಮಾತ್ರೆಗೂ ಕೋಶಕ್ಕೂ ಇರುವ ವ್ಯತ್ಯಾಸ ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ಪ್ಯಾರಾಸಿಟಮಾಲ್ ಎಲ್ಲಿ ಯಾರು ತಯಾರಿಸಿದರೂ ಅಣು ಒಂದೇ. ಕಲ್ಮಶ ಬೆರೆತಿದ್ದರೆ ಬೇರ್ಪಡಿಸಬಹುದು, ತೂಕ ಮಾಡಬಹುದು, ವರ್ಷವಿಡೀ ಡಬ್ಬಿಯಲ್ಲಿಡಬಹುದು. ಚುಚ್ಚುಮದ್ದಿನ ದ್ರಾವಣವಾದರೆ ಕೊನೆಯಲ್ಲಿ ಕುದಿಬಿಸಿಯ ಹಬೆಗೆ ಒಡ್ಡಿಯೋ ಅತಿಸೂಕ್ಷ್ಮ ಜರಡಿಯಲ್ಲಿ ಹಾಯಿಸಿಯೋ ರೋಗಾಣುಗಳನ್ನು ಕಳೆಯಬಹುದು. ಜೀವಕೋಶಕ್ಕೆ ಇದ್ಯಾವುದೂ ಒಗ್ಗದು. ಕಾಯಿಸಿದರೆ ಸಾಯುತ್ತದೆ, ಬ್ಯಾಕ್ಟೀರಿಯಾವನ್ನು ತಡೆಯುವ ಜರಡಿ ಅದಕ್ಕಿಂತ ಎಷ್ಟೋ ದೊಡ್ಡದಾದ ಕೋಶವನ್ನೂ ತಡೆಯುತ್ತದೆ. ಮೊದಲ ದಿನ ಒಳಹೊಕ್ಕ ಕೊಳೆ ಕೊನೆಯ ದಿನದವರೆಗೂ ಇದ್ದೇ ಇರುತ್ತದೆ, ಪೋಷಕ ದ್ರವ ಉಂಡು ಕೋಶಗಳಿಗಿಂತ ವೇಗವಾಗಿ ಬೆಳೆದಿರುತ್ತದೆ ಕೂಡ. 2018ರಲ್ಲಿ ಅಮೆರಿಕದ ಟೆಕ್ಸಾಸ್, ಫ್ಲಾರಿಡಾ ಮತ್ತು ಅರಿಜೋನಾ ರಾಜ್ಯಗಳ 12 ಜನ, ಹೊಕ್ಕುಳಬಳ್ಳಿಯ ರಕ್ತದಿಂದ ಮಾಡಿದ ‘ಸ್ಟೆಮ್ ಸೆಲ್’ ಚುಚ್ಚುಮದ್ದನ್ನು ಕೀಲಿಗೋ ಬೆನ್ನಿಗೋ ಹಾಕಿಸಿಕೊಂಡು ಸೋಂಕಿನಿಂದ ಆಸ್ಪತ್ರೆ ಸೇರಿದರು. ಅಲ್ಲಿನ ರೋಗ ನಿಯಂತ್ರಣ ಕೇಂದ್ರ ಇನ್ನೂ ತೆರೆಯದ ಸೀಸೆಗಳನ್ನು ಪರೀಕ್ಷಿಸಿದಾಗ ಒಳಗೆ ಕರುಳಿನ ಬ್ಯಾಕ್ಟೀರಿಯಾಗಳು ಸಿಕ್ಕವು. ಚುಚ್ಚಿದ ಕೈಯದ್ದಲ್ಲ ತಪ್ಪು, ಸೀಸೆ ಮುಚ್ಚುವ ಮುಂಚಿನದ್ದು.

ಹಾಗಾದರೆ ಕೊನೆಯಲ್ಲಿ ಪರೀಕ್ಷೆ ಮಾಡಿ ಕೊಟ್ಟರಾಯಿತಲ್ಲ ಎನ್ನಬಹುದು. ಇಲ್ಲೇ ಗಂಟು ಬಿಗಿಯುವುದು. ಔಷಧ ಸಂಹಿತೆಗಳು ಹೇಳುವ ಸಾಂಪ್ರದಾಯಿಕ ಸೋಂಕು ಪರೀಕ್ಷೆಗೆ 14 ದಿನ ಬೇಕು. ಮೈಕೊಪ್ಲಾಸ್ಮಾ ಎಂಬ ಕ್ಷುದ್ರಜೀವಿಯನ್ನು ಬೆಳೆಸಿ ನೋಡುವ ಪರೀಕ್ಷೆಗೆ ನಾಲ್ಕು ವಾರ. ಆದರೆ ಪೆಲ್ಲೆಗ್ರಿನಿ–ಡಿ ಲೂಕಾ ಅವರ ಕಾರ್ನಿಯಾ ಹಾಳೆ ‘ಹೋಲೊಕ್ಲಾರ್’ ಎಂಬ ಹೆಸರಿನಲ್ಲಿ 2015ರಲ್ಲಿ ಯುರೋಪಿನ ಪರವಾನಗಿ ಪಡೆದಾಗ, ಅದರ ಆಯಸ್ಸು 36 ಗಂಟೆ. ಅಂದರೆ ಕೊನೆಯ ಪರೀಕ್ಷೆಯ ಫಲಿತಾಂಶ ಬರುವಷ್ಟರಲ್ಲಿ ಹಾಳೆ ರೋಗಿಯ ಕಣ್ಣಿನಲ್ಲಿ ಬೇರೂರಿರುತ್ತದೆ. ಪರೀಕ್ಷೆಯ ಮೇಲೆ ಭಾರ ಹಾಕಲಾಗದ ಕಡೆ ತಯಾರಿಕೆಯ ಪ್ರತಿ ಹೆಜ್ಜೆಯ ಮೇಲೆ ಹಾಕಬೇಕಾಗುತ್ತದೆ. ಜಿಎಂಪಿ ಎಂದು ಔಷಧ ಲೋಕ ಕರೆಯುವ ತಯಾರಿಕಾ ಶಿಸ್ತಿನ ಅರ್ಥ ಇದೇ: ಕೊನೆಗೆ ನೋಡಿ ಒಳ್ಳೆಯದನ್ನು ಆರಿಸುವುದಲ್ಲ, ಕೆಟ್ಟದ್ದು ಹುಟ್ಟದಂತೆ ಮೊದಲಿನಿಂದ ನಡೆದುಕೊಳ್ಳುವುದು.

ಅಂಥ ಕೋಣೆಯೊಂದರಲ್ಲಿ ನಡೆಯುವ ಕೆಲಸವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಒಂದೊಂದೇ ಬಾಗಿಲು ದಾಟಿ, ಒಂದೊಂದು ಕಡೆ ಒಂದೊಂದು ಪದರ ಉಡುಪು ಏರಿಸಿ, ಕಣ್ಣಿನ ಸುತ್ತಲೂ ಚರ್ಮ ಕಾಣದ ಹಾಗೆ ಮುಚ್ಚಿಕೊಂಡು ತಂತ್ರಜ್ಞೆ ಒಳಬರುತ್ತಾಳೆ. ಹೊರಗಿನದಕ್ಕಿಂತ ಒಳಗಿನ ಗಾಳಿಯ ಒತ್ತಡ ತುಸು ಹೆಚ್ಚು, ಬಾಗಿಲು ತೆರೆದರೆ ಗಾಳಿ ಹೊರಕ್ಕೇ ನುಗ್ಗಬೇಕು. ಕೋಶಗಳ ಬಟ್ಟಲು ತೆರೆಯುವ ಕ್ಯಾಬಿನೆಟ್ಟಿನಲ್ಲಿ ಒಂದು ಘನ ಮೀಟರ್ ಗಾಳಿಗೆ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣಗಳು 3520ಕ್ಕಿಂತ ಹೆಚ್ಚಿರುವಂತಿಲ್ಲ. ಕೆಲಸ ನಡೆಯುವಷ್ಟೂ ಹೊತ್ತು ಪಕ್ಕದಲ್ಲಿ ಪೋಷಕ ಅಗಾರ್ ತುಂಬಿದ ತಟ್ಟೆ ತೆರೆದಿಟ್ಟಿರುತ್ತದೆ. ಮುಗಿದ ಮೇಲೆ ಕೈಗವಸಿನ ಬೆರಳುಗಳನ್ನು ಇನ್ನೊಂದು ತಟ್ಟೆಗೆ ಒತ್ತಿ ಹೋಗಬೇಕು. ಯಾವುದರ ಮೇಲೂ ಒಂದೇ ಒಂದು ಬ್ಯಾಕ್ಟೀರಿಯಾ ಕೂಡ ಚಿಗುರಬಾರದು. ಸೂಕ್ಷ್ಮದರ್ಶಕದಲ್ಲಿ ಒಳ್ಳೆಯ ಆಕರಕೋಶಗಳ ಗುಂಪು ಒತ್ತೊತ್ತಾಗಿ, ಅಂಚು ಮಿನುಗುತ್ತ, ಕೋಶ ಕೋಶದ ಗಡಿ ತಿಳಿಯದಷ್ಟು ಬಿಗಿಯಾಗಿ ಕಾಣುತ್ತದೆ. ಅಂಚಿನ ಕೋಶಗಳು ಸಡಿಲಗೊಂಡು ಚಪ್ಪಟೆಯಾಗಿ ಹರಡಿಕೊಂಡಿದ್ದರೆ ಅವು ಆಕರಕೋಶದ ಗುಣ ಬಿಟ್ಟು ಬೇರೆ ಏನೋ ಆಗಲು ಹೊರಟಿವೆ ಎಂದರ್ಥ. ಯಾವ ದಿನ, ಯಾವ ಲಾಟಿನ ದ್ರವ, ಯಾವ ಪೆಟ್ಟಿಗೆ, ಯಾರ ಕೈ, ಕಂಡದ್ದೇನು, ಎಲ್ಲವೂ ಅಲ್ಲೇ ದಾಖಲಾಗಬೇಕು, ಇನ್ನೊಬ್ಬರು ನೋಡಿ ಸಹಿ ಹಾಕಬೇಕು. 2017ರ ಜನವರಿಯಲ್ಲಿ ಕ್ಯೋಟೊ ವಿಶ್ವವಿದ್ಯಾಲಯದ ಐಪಿಎಸ್ ಕೋಶ (ಪ್ರೌಢ ಕೋಶವನ್ನು ಮರಳಿ ಎಳೆಯದಾಗಿಸಿ ಪಡೆದ ಆಕರಕೋಶ) ಸಂಶೋಧನಾ ಕೇಂದ್ರ, ತಯಾರಿಕೆಯಲ್ಲಿ ಬಳಸಿದ ಒಂದು ದ್ರಾವಣ ಅದಲುಬದಲಾಗಿರಬಹುದೆಂಬ ಶಂಕೆಯಿಂದಲೇ ತನ್ನ ಕೆಲವು ಕೋಶಗಳ ವಿತರಣೆ ನಿಲ್ಲಿಸಿತು. ಬರೀ ಶಂಕೆಗೆ ಇಷ್ಟು ಬೆಲೆಯೇ ಎಂದು ಅನ್ನಿಸಬಹುದು. ಆ ಶಂಕೆ ಹುಟ್ಟಬೇಕಾದರೂ ಯಾವ ಸೀಸೆಯಲ್ಲಿ ಏನಿತ್ತೆಂಬ ದಾಖಲೆ ಇರಬೇಕಲ್ಲ.

ಇನ್ನು ಕೋಶಗಳು ಉಣ್ಣುವ ಆಹಾರದ ವಿಚಾರ. 1998ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ಮೊದಲ ಬಾರಿಗೆ ಮಾನವ ಭ್ರೂಣದ ಆಕರಕೋಶಗಳನ್ನು ಬೆಳೆಸಿದಾಗ, ಅವುಗಳಿಗೆ ಹಾಸಿಗೆಯಾಗಿದ್ದದ್ದು ಇಲಿ ಭ್ರೂಣದ ಕೋಶಗಳು, ಪೋಷಣೆಗೆ ಕೊಟ್ಟದ್ದು ದನದ ಭ್ರೂಣದ ಸೀರಮ್. ಹುಡುಕಾಟದ ದಿನಗಳಲ್ಲಿ ಅದು ಸಹಜವೇ. ಆದರೆ 2005ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ತೋರಿಸಿದ್ದೇನೆಂದರೆ, ಹೀಗೆ ಬೆಳೆದ ಮಾನವ ಕೋಶಗಳು ಮನುಷ್ಯ ದೇಹ ತಾನಾಗಿ ತಯಾರಿಸಲಾಗದ ಒಂದು ಬಗೆಯ ಸಯಾಲಿಕ್ ಆಮ್ಲವನ್ನು ಪ್ರಾಣಿಮೂಲದ ಆಹಾರದಿಂದ ಹೀರಿ ತಮ್ಮ ಮೈಮೇಲೆ ಹೊದ್ದುಕೊಳ್ಳುತ್ತವೆ. ನಮ್ಮ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳಿರುತ್ತವೆ. ಮಾನವ ಕೋಶವೇ ಆದರೂ ಮಾನವ ದೇಹ ಅದನ್ನು ಪರಕೀಯವೆಂದು ದಾಳಿ ಮಾಡುವ ಸಂಭವವಿತ್ತು. ಮುಂದಿನ ಹದಿನೈದು ವರ್ಷ ಒಂದು ದೊಡ್ಡ ವಿಜ್ಞಾನಿ ಬಳಗದ ದುಡಿಮೆ ಹೋದದ್ದು ಈ ಅಡುಗೆಯನ್ನು ತಿಳಿಗೊಳಿಸುವುದಕ್ಕೆ. ಸೀರಮ್ ಹೋಗಿ ಎಂಟೇ ಪದಾರ್ಥಗಳ ಪೋಷಕ ದ್ರವ 2011ರಲ್ಲಿ ಥಾಮ್ಸನ್ನರ ಪ್ರಯೋಗಾಲಯದಿಂದಲೇ ಬಂತು. ಇಲಿಯ ಗೆಡ್ಡೆಯಿಂದ ಬಸಿದ ಅಂಟಿನ ಬದಲು ಲ್ಯಾಮಿನಿನ್, ವಿಟ್ರೊನೆಕ್ಟಿನ್‌ನಂಥ ಒಂದೊಂದೇ ಪ್ರೋಟೀನಿನ ಹಾಸು ಬಂತು. ಇದು ಮೇಲ್ನೋಟಕ್ಕೆ ನೀರಸ ಕೆಲಸ. ನೊಬೆಲ್ ಪುರಸ್ಕಾರ ಇದಕ್ಕೆ ಬರಲಿಲ್ಲ, 2012ರಲ್ಲಿ ಅದು ಹೋದದ್ದು ಪ್ರೌಢ ಕೋಶವನ್ನು ಮರಳಿ ಎಳೆಯದಾಗಿಸಬಹುದೆಂದು ತೋರಿಸಿದ ಜಾನ್ ಗರ್ಡನ್ ಮತ್ತು ಶಿನ್ಯಾ ಯಮನಾಕ ಅವರಿಗೆ. ಅದು ನ್ಯಾಯವೇ. ಆದರೂ ಯಮನಾಕರ ಐಪಿಎಸ್ ಕೋಶಗಳು ಪ್ರಯೋಗಾಲಯದಿಂದ ರೋಗಿಯವರೆಗೆ ನಡೆದು ಬಂದದ್ದು ಈ ಹೆಸರಿಲ್ಲದ ದುಡಿಮೆಯ ಮೇಲೆ.

ಹಾಗೆಂದು ಪ್ರಾಣಿಮೂಲದ ಯಾವುದೂ ಸೋಕಲೇಬಾರದು ಎಂಬ ಮಡಿವಂತಿಕೆ ಇದಲ್ಲ. ಹೋಲೊಕ್ಲಾರ್ ಹಾಳೆ ಬೆಳೆಯುವುದು ಇಂದಿಗೂ 3ಟಿ3 ಎಂಬ ಇಲಿಕೋಶಗಳ ಹಾಸಿನ ಮೇಲೆ, 1975ರಲ್ಲಿ ಹೊವರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಮಾನವ ಚರ್ಮದ ಕೋಶಗಳಿಗಾಗಿ ರೂಪಿಸಿದ ಕ್ರಮದಲ್ಲಿ. ಆ ಇಲಿಕೋಶಗಳಿಗೂ ಪರೀಕ್ಷೆಗೊಳಗಾದ ಸಂಗ್ರಹವಿದೆ, ವೈರಸ್ಸಿಲ್ಲವೆಂಬ ದಾಖಲೆಯಿದೆ, ಅವು ಹೆಚ್ಚದಂತೆ ವಿಕಿರಣ ಹಾಯಿಸಿ ತಡೆದಿರುತ್ತಾರೆ. ಒಳಗೆ ಏನಿದೆಯೆಂದು ಗೊತ್ತಿರಬೇಕು, ಪ್ರತಿ ಸಲ ಅದೇ ಇರಬೇಕು. ಮಾನದಂಡ ಕೇಳುವುದು ಇದನ್ನೇ.

‘ಪ್ರತಿ ಸಲ ಅದೇ’ ಎಂಬುದು ಜೀವಂತ ವಸ್ತುವಿನ ವಿಷಯದಲ್ಲಿ ಅತಿ ಕಷ್ಟದ ಮಾತು. ಹತ್ತು ಲಕ್ಷ ಕೋಶಗಳ ಒಂದು ಸೀಸೆಯಿಂದ ಹೊರಟರೆ ಹತ್ತು ಸಲ ಇಮ್ಮಡಿಯಾಗುವಷ್ಟರಲ್ಲಿ ನೂರು ಕೋಟಿ, ಇಪ್ಪತ್ತು ಸಲಕ್ಕೆ ಲಕ್ಷ ಕೋಟಿ. ಪ್ರತಿ ವಿಭಜನೆಯಲ್ಲೂ ಸುಮಾರು 600 ಕೋಟಿ ಅಕ್ಷರಗಳ ಡಿಎನ್‌ಎ ನಕಲಾಗಬೇಕು. ನಕಲಿನಲ್ಲಿ ತಪ್ಪು ಬೀಳುವುದು ಅನಿವಾರ್ಯ. ಅವುಗಳಲ್ಲಿ ಯಾವುದೋ ಒಂದು ತಪ್ಪು ಆ ಕೋಶಕ್ಕೆ ಬೇಗ ಸಾಯದಿರುವ ಗುಣ ಕೊಟ್ಟರೆ, ಬಟ್ಟಲಿನಲ್ಲಿ ಗೆಲ್ಲುವುದು ಅದರ ಸಂತತಿಯೇ. ಜಗತ್ತಿನ ನಾನಾ ಪ್ರಯೋಗಾಲಯಗಳ 125 ಭ್ರೂಣ ಆಕರಕೋಶ ವಂಶಗಳನ್ನು 2011ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಐದರಲ್ಲಿ ಒಂದಕ್ಕಿಂತ ಹೆಚ್ಚಿನವುಗಳಲ್ಲಿ 20ನೇ ವರ್ಣತಂತುವಿನ ಒಂದೇ ತುಣುಕು ಹೆಚ್ಚುವರಿಯಾಗಿ ಸೇರಿಕೊಂಡಿತ್ತು. ಕೋಶದ ಸಾವನ್ನು ತಡೆಯುವ ವಂಶವಾಹಿ ಇರುವುದು ಅಲ್ಲೇ. ವರ್ಣತಂತುಗಳನ್ನು ಬಣ್ಣದ ಪಟ್ಟೆಗಳಾಗಿ ನೋಡುವ ಮಾಮೂಲಿ ಪರೀಕ್ಷೆಗೆ ಇಷ್ಟು ಸಣ್ಣ ತುಣುಕು ಎಷ್ಟೋ ಸಲ ಕಾಣುವುದೇ ಇಲ್ಲ. 2017ರಲ್ಲಿ ‘ನೇಚರ್’ ಪ್ರಕಟಿಸಿದ ಇನ್ನೊಂದು ಅಧ್ಯಯನ 140 ವಂಶಗಳ ಪೈಕಿ ಐದರಲ್ಲಿ ಟಿಪಿ53 ವಂಶವಾಹಿಯ ರೂಪಾಂತರಗಳನ್ನು ಕಂಡಿತು. ಮನುಷ್ಯರ ಕ್ಯಾನ್ಸರುಗಳಲ್ಲಿ ಅತಿ ಹೆಚ್ಚಾಗಿ ಕೆಟ್ಟಿರುವ ವಂಶವಾಹಿಯೇ ಅದು. ಇದಕ್ಕೆ ತಯಾರಿಕಾ ಶಿಸ್ತು ಕಂಡುಕೊಂಡ ಉಪಾಯ ನಮ್ಮ ಅಡುಗೆಮನೆಗೆ ಅಪರಿಚಿತವೇನಲ್ಲ. ನಿನ್ನೆಯ ಮೊಸರಿನಿಂದ ಇಂದಿಗೆ, ಇಂದಿನದರಿಂದ ನಾಳೆಗೆ ಹೆಪ್ಪು ಹಾಕುತ್ತ ಹೋದರೆ ಒಂದು ದಿನ ಮೊಸರು ಲೋಳೆಯಾಗುತ್ತದೆ, ಯಾವತ್ತು ಕೆಟ್ಟಿತೆಂದು ಹೇಳಲಾಗುವುದಿಲ್ಲ. ಆದ್ದರಿಂದ ಮೊದಲ ಒಳ್ಳೆಯ ಹೆಪ್ಪನ್ನೇ ನೂರಾರು ಪಾಲು ಮಾಡಿ ಎತ್ತಿಟ್ಟು, ಪ್ರತಿ ಸಲ ಅದರಿಂದಲೇ ಹೊರಡಬೇಕು. ದ್ರವ ಸಾರಜನಕದ ಕೊರೆಯುವ ಚಳಿಯಲ್ಲಿ ಹೀಗೆ ಕಾಪಿಟ್ಟ ಸೀಸೆಗಳಿಗೆ ಮಾಸ್ಟರ್ ಸೆಲ್ ಬ್ಯಾಂಕ್ ಎನ್ನುತ್ತಾರೆ. ಅದರಿಂದ ಎಷ್ಟು ಇಮ್ಮಡಿಯವರೆಗೆ ಬೆಳೆಸಬಹುದೆಂಬ ಮಿತಿಯನ್ನೂ ಮೊದಲೇ ನಿಗದಿ ಮಾಡಿರುತ್ತಾರೆ.

ಈ ಲೆಕ್ಕಾಚಾರ ಒಂದು ಸುಂದರ ಕನಸನ್ನು ಬದಲಿಸಿತು ಎಂಬುದನ್ನೂ ಹೇಳಬೇಕು. 2014ರ ಸೆಪ್ಟೆಂಬರಿನಲ್ಲಿ ಜಪಾನಿನ ಕೋಬೆಯಲ್ಲಿ ಮಸಾಯೊ ತಕಾಹಾಶಿ ಅವರ ತಂಡ, ವಯಸ್ಸಿನಿಂದ ಅಕ್ಷಿಪಟಲ ಸವೆದಿದ್ದ ಎಪ್ಪತ್ತು ದಾಟಿದ ಮಹಿಳೆಯೊಬ್ಬರಿಗೆ ಅವರದೇ ಚರ್ಮದ ಕೋಶಗಳಿಂದ ಮಾಡಿದ ಅಕ್ಷಿಪಟಲದ ಹಾಳೆಯನ್ನು ಕಸಿ ಮಾಡಿತು. ಐಪಿಎಸ್ ಕೋಶಗಳು ಮನುಷ್ಯನೊಳಗೆ ಹೋದದ್ದು ಅದೇ ಮೊದಲು. ಎರಡನೇ ರೋಗಿಗೂ ಕೋಶಗಳು ಸಿದ್ಧವಾದವು. ಆದರೆ ಅವುಗಳಲ್ಲಿ ಮೂಲ ಚರ್ಮದಲ್ಲಿಲ್ಲದ ವಂಶವಾಹಿ ಬದಲಾವಣೆಗಳು ಕಂಡವು. ಅವುಗಳಿಂದ ಕೆಡುಕಾಗುತ್ತಿತ್ತೆಂದು ಯಾರಿಗೂ ಖಚಿತವಿರಲಿಲ್ಲ, ಆದರೂ ತಂಡ ಕಸಿ ಮಾಡದೆ ನಿಂತಿತು. ಪ್ರತಿ ರೋಗಿಗೂ ಬೇರೆ ಬೇರೆ ಕೋಶ ಎಂದರೆ ಪ್ರತಿ ರೋಗಿಯೂ ಬೇರೊಂದು ಔಷಧ, ಪ್ರತಿ ಸಲವೂ ತಿಂಗಳುಗಟ್ಟಲೆ ಹೊಸ ಪರೀಕ್ಷೆ. ಅಲ್ಲಿಂದ ಮುಂದೆ ಜಪಾನ್ ಹೆಚ್ಚು ಒಲಿದದ್ದು ಬಹಳ ಜನರ ದೇಹಕ್ಕೆ ಹೊಂದಬಲ್ಲ ಆಯ್ದ ದಾನಿಗಳ ಕೋಶಸಂಗ್ರಹದ ಕಡೆಗೆ. ನನಗೆ ಅದು ವಿವೇಕದ ನಡೆಯಾಗಿ ಕಾಣುತ್ತದೆ. ಹೊಂದಾಣಿಕೆ ಪರಿಪೂರ್ಣವಾಗಿರದೆ ಇಮ್ಯೂನಿಟಿ ತಗ್ಗಿಸುವ ಮಾತ್ರೆ ನುಂಗಬೇಕಾಗಿ ಬರಬಹುದು; ಬದಲಿಗೆ, ಬ್ಯಾಂಕಿನ ಒಂದು ಸೀಸೆಯನ್ನು ವರ್ಷಗಟ್ಟಲೆ ಜಾಲಾಡಿ ಅರಿತುಕೊಳ್ಳಬಹುದು.

ಇಷ್ಟೆಲ್ಲ ಯಾಕೆ ಬೇಕೆಂಬುದನ್ನು ಸಕ್ಕರೆ ಕಾಯಿಲೆಯ ಉದಾಹರಣೆ ಸ್ಪಷ್ಟಪಡಿಸುತ್ತದೆ. ಭ್ರೂಣ ಆಕರಕೋಶಗಳಿಂದ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ರಾಶಿಗಟ್ಟಲೆ ಬೆಳೆಸುವ ದಾರಿಯನ್ನು ಹಾರ್ವರ್ಡಿನ ಡಗ್ಲಸ್ ಮೆಲ್ಟನ್ ತಂಡ 2014ರಲ್ಲಿ ಪ್ರಕಟಿಸಿತು. ಅದೇ ಹಾದಿಯ ‘ಜಿಮಿಸ್ಲೆಸೆಲ್’ ಎಂಬ ಉತ್ಪನ್ನವನ್ನು ವರ್ಟೆಕ್ಸ್ ಕಂಪನಿ ಟೈಪ್ 1 ಮಧುಮೇಹಿಗಳ ಯಕೃತ್ತಿಗೆ ಹರಿಸಿ ನೋಡಿತು. ಪೂರ್ಣ ಪ್ರಮಾಣ ಪಡೆದ 12 ಜನರಲ್ಲಿ 10 ಜನಕ್ಕೆ ವರ್ಷದ ಕೊನೆಗೆ ಹೊರಗಿನ ಇನ್ಸುಲಿನ್ ಬೇಕಾಗಿರಲಿಲ್ಲ ಎಂದು 2025ರ ವರದಿ ಹೇಳಿತು. ಈ ಸುದ್ದಿ ಓದಿ ಹಿಗ್ಗದವರು ಯಾರು! ಆ ಪೂರ್ಣ ಪ್ರಮಾಣವೆಂದರೆ ಒಬ್ಬರಿಗೆ 80 ಕೋಟಿ ಕೋಶಗಳು. ಎಲ್ಲವೂ ಇನ್ಸುಲಿನ್ ಕೋಶದ ಕಡೆಗೆ ಬಲಿಯಬೇಕು. ಬಲಿಯದೆ ಭ್ರೂಣಾವಸ್ಥೆಯಲ್ಲೇ ಉಳಿದದ್ದು ದೇಹದೊಳಗೆ ಟೆರಟೋಮ ಎಂಬ ಗೆಡ್ಡೆಯಾಗಬಲ್ಲದು. ಹೀಗೆ ಉಳಿದವನ್ನು ಪತ್ತೆ ಹಚ್ಚಲು ಲಿನ್28 ಎಂಬ ವಂಶವಾಹಿಯ ಆರ್‌ಎನ್‌ಎ ಹುಡುಕುವ ಪರೀಕ್ಷೆಯಿದೆ. ಅಕ್ಷಿಪಟಲದ ಕೋಶಗಳಲ್ಲಿ ಅದು 50,000ಕ್ಕೆ ಒಂದನ್ನು ಹಿಡಿದು ತೋರಿಸಿತ್ತು. ಕೇಳಲು ಭಾರಿ ಚುರುಕು. ಆದರೆ 80 ಕೋಟಿಯಲ್ಲಿ 50,000ಕ್ಕೆ ಒಂದರಂತೆ ಲೆಕ್ಕ ಹಾಕಿ, 16,000 ಕೋಶಗಳಾಗುತ್ತವೆ. ಪರೀಕ್ಷೆಯ ಕಣ್ಣು ತಲುಪದ ಈ ಜಾಗವನ್ನು ತುಂಬುವುದು ತಯಾರಿಕೆಯ ಕ್ರಮ ಮಾತ್ರ: ಯಾವ ದಿನ ಯಾವ ಸಂಕೇತ ರಾಸಾಯನಿಕ, ಎಷ್ಟು ಹೊತ್ತು, ಯಾವ ಉಷ್ಣತೆಯಲ್ಲಿ ಕೊಟ್ಟರೆ ಭ್ರೂಣಗುಣದ ಕೋಶ ಉಳಿಯುವುದಿಲ್ಲವೆಂದು ಪ್ರಾಣಿಗಳಲ್ಲಿ ತಿಂಗಳುಗಟ್ಟಲೆ ಕಾದು ನೋಡಿದ ಅನುಭವ. 2025ರಲ್ಲೇ ಪಾರ್ಕಿನ್ಸನ್ ರೋಗಿಗಳ ಮಿದುಳಿಗೆ ಆಕರಕೋಶ ಮೂಲದ ನರಕೋಶ ಕಸಿ ಮಾಡಿದ ಎರಡು ಪ್ರಯೋಗಗಳ, ಅಮೆರಿಕ–ಕೆನಡಾದ ಒಂದು ಮತ್ತು ಕ್ಯೋಟೊದ ಇನ್ನೊಂದು, ವರದಿಗಳು ಬಂದವು. ಎರಡರಲ್ಲೂ ಗೆಡ್ಡೆ ಕಾಣಿಸಲಿಲ್ಲ. ಅದು ಅದೃಷ್ಟದಿಂದ ಬಂದ ಫಲವಲ್ಲ.

ಈಗ ಆಕ್ಷೇಪಗಳು. ಅತಿ ಬಲವಾದದ್ದು ವಿಜ್ಞಾನಿಗಳದ್ದೇ: ಶಿಸ್ತಿನಿಂದ ತಯಾರಿಸಿದ ಮಾತ್ರಕ್ಕೆ ಕೋಶ ಕೆಲಸ ಮಾಡುತ್ತದೆಂಬ ಖಾತರಿ ಎಲ್ಲಿದೆ? ಇಲ್ಲ, ಇದನ್ನು ಒಪ್ಪಲೇಬೇಕು. ಕ್ರೋನ್ಸ್ ಕಾಯಿಲೆಯವರ ಗುದದ್ವಾರದ ಫಿಸ್ಟುಲಕ್ಕೆಂದು ಕೊಬ್ಬಿನ ಆಕರಕೋಶಗಳಿಂದ ತಯಾರಾದ ‘ಅಲೊಫಿಸೆಲ್’ 2018ರಲ್ಲಿ ಯುರೋಪಿನ ಪರವಾನಗಿ ಪಡೆದಿತ್ತು. ಮುಂದೆ ದೊಡ್ಡ ಪ್ರಯೋಗದಲ್ಲಿ ಪ್ಲಸೀಬೊಗಿಂತ ಮೇಲೆನ್ನಿಸಲಿಲ್ಲ, 2024ರ ಕೊನೆಗೆ ಮಾರುಕಟ್ಟೆ ಬಿಟ್ಟಿತು. ಅಸ್ಥಿಮಜ್ಜೆ ಕಸಿಯ ನಂತರ ಮಕ್ಕಳನ್ನು ಕಾಡುವ ಮಾರಕ ಪ್ರತಿಕ್ರಿಯೆಗೆ ‘ರಯಾನ್ಸಿಲ್’ ಎಂಬ ಕೋಶೌಷಧ ಅಮೆರಿಕದ ಅನುಮತಿ ಕೇಳಿದಾಗ, ಅಲ್ಲಿನ ಔಷಧ ನಿಯಂತ್ರಕ ಎಫ್‌ಡಿಎಯ ಸಲಹಾ ಸಮಿತಿ ಪರವಾಗಿದ್ದರೂ 2020ರಲ್ಲಿ ಒಮ್ಮೆ, 2023ರಲ್ಲಿ ಇನ್ನೊಮ್ಮೆ ಅನುಮತಿ ಸಿಗಲಿಲ್ಲ. ತಕರಾರಿನ ದೊಡ್ಡ ಭಾಗ, ಪ್ರಯೋಗಾಲಯದಲ್ಲಿ ಅಳೆಯುವ ಗುಣಕ್ಕೂ ರೋಗಿಯಲ್ಲಿ ಕಾಣುವ ಫಲಕ್ಕೂ ಸಂಬಂಧವಿದೆಯೇ ಎಂಬುದರ ಸುತ್ತ ಇತ್ತು. ಆ ಸಂಬಂಧವನ್ನು ಇನ್ನಷ್ಟು ಗಟ್ಟಿಗೊಳಿಸಿದ ಮೇಲೆ 2024ರ ಡಿಸೆಂಬರಿನಲ್ಲಿ ಒಪ್ಪಿಗೆಯಾಯಿತು. ಕಾರ್ನಿಯಾದಲ್ಲಿ ಪಿ63 ಸಿಕ್ಕ ಹಾಗೆ ಎಲ್ಲ ಕೋಶಕ್ಕೂ ಅಷ್ಟು ಸ್ಪಷ್ಟವಾದ ಅಳತೆಗೋಲು ಸಿಕ್ಕಿಲ್ಲ. ತಪ್ಪು ಗುಣವನ್ನು ಕರಾರುವಾಕ್ಕಾಗಿ ಅಳೆದರೆ ಕರಾರುವಾಕ್ಕಾದ ತಪ್ಪೇ ಸಿಗುತ್ತದೆ. ಆದರೂ ಅಲೊಫಿಸೆಲ್ ಸೋತಿತೆಂದು ನಮಗೆ ತಿಳಿದದ್ದು ಹೇಗೆ? ಪ್ರತಿ ರೋಗಿಗೂ ಒಂದೇ ಉತ್ಪನ್ನ ಹೋಗಿತ್ತು ಎಂಬ ಭರವಸೆಯಿಂದ. ಒಬ್ಬೊಬ್ಬರಿಗೆ ಒಂದೊಂದು ಬಗೆಯ ಕೋಶ ಹೋಗಿದ್ದರೆ ಗೆಲುವಿನಿಂದಲೂ ಸೋಲಿನಿಂದಲೂ ಕಲಿಯುವುದಕ್ಕೆ ಏನೂ ಇರುತ್ತಿರಲಿಲ್ಲ.

ಎರಡನೆಯ ಆಕ್ಷೇಪ ಮನಸ್ಸು ಹಿಂಡುವಂಥದ್ದು. ಸಾವಿನ ಅಂಚಿನಲ್ಲಿರುವವರಿಗೆ, ಮಗುವಿನ ಕೈಕಾಲು ದಿನದಿಂದ ದಿನಕ್ಕೆ ಸೋಲುವುದನ್ನು ನೋಡುತ್ತಿರುವ ತಾಯಿತಂದೆಯರಿಗೆ, ಬ್ಯಾಂಕು, ಬ್ಯಾಚು, 14 ದಿನದ ಪರೀಕ್ಷೆ ಎಂದು ಹೇಳುವುದು ಎಷ್ಟು ಸರಿ? ಕಳೆದುಕೊಳ್ಳಲು ಇನ್ನೇನಿದೆ? ಇದೆ ಎಂಬುದಕ್ಕೆ ವೈದ್ಯ ಸಾಹಿತ್ಯದಲ್ಲಿ ಸಾಕ್ಷಿಯಿದೆ. ಅಟಾಕ್ಸಿಯಾ ಟೆಲಂಜಿಯೆಕ್ಟೇಸಿಯಾ ಎಂಬ ಅಪರೂಪದ ಕಾಯಿಲೆಯ ಇಸ್ರೇಲಿನ ಹುಡುಗನೊಬ್ಬನಿಗೆ ಮಾಸ್ಕೊದಲ್ಲಿ ಭ್ರೂಣಗಳ ನರ ಆಕರಕೋಶಗಳನ್ನು ಪದೇ ಪದೇ ಮಿದುಳಿಗೆ ಹಾಕಲಾಗಿತ್ತು. ಕೆಲವು ವರ್ಷಗಳ ಮೇಲೆ ಮಿದುಳು ಮತ್ತು ಬೆನ್ನುಹುರಿಯಲ್ಲಿ ಗೆಡ್ಡೆಗಳು ಕಂಡವು. ಅವು ಅವನ ಕೋಶಗಳಲ್ಲ, ಕನಿಷ್ಠ ಇಬ್ಬರು ದಾನಿಗಳವು ಎಂದು 2009ರಲ್ಲಿ ಪ್ರಕಟವಾದ ತನಿಖೆ ತೋರಿಸಿತು. ನೋವಿನಲ್ಲಿರುವವರಿಗೆ ಬೇಗ ಏನಾದರೂ ಸಿಗಬೇಕೆಂಬ ಹಂಬಲ ನನ್ನದೂ ಹೌದು. ಆದರೆ ಬೇಗ ಎಂಬುದಕ್ಕೆ ನ್ಯಾಯವಾದ ದಾರಿಯೆಂದರೆ ಸಣ್ಣ ಪ್ರಯೋಗಗಳಿಗೆ ಶೀಘ್ರ ಅನುಮತಿ, ಷರತ್ತಿನ ಪರವಾನಗಿ, ಸಾರ್ವಜನಿಕ ಹಣದ ನೆರವು. ಸೀಸೆಯೊಳಗೆ ಏನಿದೆಯೆಂದು ಹೇಳುವ ಹೊಣೆಯಿಂದ ವಿನಾಯಿತಿ ಕೊಡುವುದು ದಾರಿಯಲ್ಲ.

‘ನನ್ನದೇ ಕೊಬ್ಬು, ನನ್ನದೇ ಕೋಶ, ಅದಕ್ಕೇಕೆ ಔಷಧದ ಕಾನೂನು’ ಎಂಬ ಮೂರನೆಯ ವಾದಕ್ಕೆ ಹೆಚ್ಚು ಜಾಗ ಬೇಡ. ಫ್ಲಾರಿಡಾದ ಒಂದು ಚಿಕಿತ್ಸಾಲಯದಲ್ಲಿ ತಮ್ಮದೇ ಕೊಬ್ಬಿನ ಕೋಶಗಳನ್ನು ಎರಡೂ ಕಣ್ಣಿಗೆ ಚುಚ್ಚಿಸಿಕೊಂಡ ಮೂವರು ಮಹಿಳೆಯರು ದೃಷ್ಟಿ ಕಳೆದುಕೊಂಡದ್ದನ್ನು 2017ರಲ್ಲಿ ವೈದ್ಯರು ದಾಖಲಿಸಿದ್ದಾರೆ. ಕೋಶ ಯಾರದ್ದು ಎಂಬುದಕ್ಕಿಂತ ಹೊರಗಿದ್ದಷ್ಟು ಹೊತ್ತು ಅದಕ್ಕೆ ಏನಾಯಿತು, ಸೇರಬೇಕಾದ ಜಾಗಕ್ಕೇ ಸೇರಿತೇ ಎಂಬುದು ಮುಖ್ಯ.

ಖರ್ಚಿನ ಪ್ರಶ್ನೆ ಮಾತ್ರ ನಮ್ಮಲ್ಲಿ ಗಂಭೀರವಾಗಿ ನಿಲ್ಲಬೇಕಾದದ್ದು. ಇಷ್ಟು ಕಟ್ಟುನಿಟ್ಟಾದರೆ ಬಡವರ ಕೈಗೆ ಎಟುಕುವುದು ಯಾವಾಗ? ಉತ್ತರದ ಒಂದು ತುಂಡು ಬೆಂಗಳೂರಿನಲ್ಲೇ ಇದೆ. ಇಲ್ಲಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಹಲವು ದಾನಿಗಳ ಅಸ್ಥಿಮಜ್ಜೆಯ ಕೋಶಗಳನ್ನು ಕೂಡಿಸಿ ಬ್ಯಾಂಕು ಮಾಡಿ ‘ಸ್ಟೆಂಪ್ಯೂಸೆಲ್’ ತಯಾರಿಸುತ್ತದೆ. ಒಬ್ಬ ದಾನಿಯಿಂದ ಇನ್ನೊಬ್ಬನಿಗೆ ಕೋಶದ ಗುಣ ಏರುಪೇರಾಗುವುದನ್ನು ಇದು ತಗ್ಗಿಸುತ್ತದೆ, ಒಂದು ಸಂಗ್ರಹದಿಂದ ಬಹಳಷ್ಟು ರೋಗಿಗಳಿಗೆ ಪೂರೈಸುತ್ತದೆ. ಬರ್ಜರ್ಸ್ ಕಾಯಿಲೆಗೆ 2016ರಲ್ಲಿ ಸೀಮಿತ ಅನುಮತಿ, 2020ರಲ್ಲಿ ಕಾಲಿಗೆ ರಕ್ತಸಂಚಾರ ನಿಲ್ಲುವ ಗಂಭೀರ ಸ್ಥಿತಿಗೆ ಅನುಮತಿ ಅದಕ್ಕೆ ಸಿಕ್ಕಿತು. ಬರ್ಜರ್ಸ್ ಬಹುಪಾಲು ಬೀಡಿ ಸಿಗರೇಟು ಸೇದುವ ದುಡಿಯುವ ವಯಸ್ಸಿನ ಗಂಡಸರಿಗೆ ಬರುವ, ಬೆರಳು ಕಪ್ಪಾಗಿ ಕೊನೆಗೆ ಕಾಲು ಕತ್ತರಿಸಬೇಕಾಗುವ ಕಾಯಿಲೆ. ಇನ್ನೊಂದು ಕಡೆ, ಸಿ-ಕ್ಯಾಂಪ್ ಎಂಬ ಜೀವವಿಜ್ಞಾನ ಸಂಶೋಧನಾ ಕೇಂದ್ರದ ಆವರಣದಲ್ಲಿ ಬೆಳೆದ ಐಸ್ಟೆಮ್ ಎಂಬ ಸಂಸ್ಥೆಯ ಅಕ್ಷಿಪಟಲದ ಕೋಶಗಳು ಮನುಷ್ಯರ ಮೇಲಿನ ಮೊದಲ ಹಂತದ ಪ್ರಯೋಗ ತಲುಪಿವೆ. ಆಕರಕೋಶವಲ್ಲದಿದ್ದರೂ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನಲ್ಲಿ ಹುಟ್ಟಿ 2023ರಲ್ಲಿ ಅನುಮತಿ ಪಡೆದ ರಕ್ತ ಕ್ಯಾನ್ಸರಿನ ಕಾರ್-ಟಿ ಚಿಕಿತ್ಸೆಯ (ರೋಗಿಯದೇ ಪ್ರತಿರಕ್ಷಾ ಕೋಶಗಳನ್ನು ವೈರಸ್ಸಿನ ಮೂಲಕ ಮಾರ್ಪಡಿಸಿ ಕೊಡುವ ಬಗೆ) ಪಾಠ ಇಲ್ಲಿಗೂ ಅನ್ವಯ: ಬೆಲೆ ಅಮೆರಿಕದ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿದದ್ದು ಶಿಸ್ತು ಸಡಿಲಿಸಿ ಅಲ್ಲ, ವಾಹಕ ವೈರಸ್ಸಿನಿಂದ ಹಿಡಿದು ಬಹುಪಾಲು ಕೆಲಸವನ್ನು ಇಲ್ಲೇ ಮಾಡಿ. ಪೋಷಕ ದ್ರವ, ಪ್ರೋಟೀನು, ಮುಚ್ಚಿದ ವ್ಯವಸ್ಥೆಯ ಯಂತ್ರ ಎಲ್ಲಕ್ಕೂ ವಿದೇಶದ ಕಡೆ ಮುಖ ಮಾಡಿ ಕೂತರೆ ಮಾತ್ರ ಶಿಸ್ತು ದುಬಾರಿ. ಕೆಟ್ಟುಹೋದ ಬ್ಯಾಚಿಗೂ ಖರ್ಚಾಗಿರುತ್ತದೆ. ಕೆಟ್ಟದ್ದೆಂದು ತಿಳಿಯದ ಬ್ಯಾಚಿನ ಖರ್ಚು ರೋಗಿಯ ಮೈಮೇಲೆ ಬೀಳುತ್ತದೆ.

ನಮ್ಮ ಕಾನೂನಿನಲ್ಲಿ ಕೊರತೆ ಅಷ್ಟಾಗಿ ಇಲ್ಲ. 2017ರ ಐಸಿಎಂಆರ್–ಡಿಬಿಟಿ ಮಾರ್ಗಸೂಚಿ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿಯಂಥ ಸ್ಥಾಪಿತ ಚಿಕಿತ್ಸೆ ಬಿಟ್ಟರೆ ಆಕರಕೋಶದ ಬಳಕೆಯೆಲ್ಲ ಅನುಮತಿ ಪಡೆದ ಪ್ರಯೋಗದ ಚೌಕಟ್ಟಿನಲ್ಲೇ ನಡೆಯಬೇಕು. 2019ರ ಹೊಸ ಔಷಧ ಮತ್ತು ವೈದ್ಯಕೀಯ ಪ್ರಯೋಗ ನಿಯಮಗಳು ಆಕರಕೋಶ ಮೂಲದ ಉತ್ಪನ್ನವನ್ನು ‘ಹೊಸ ಔಷಧ’ದ ವ್ಯಾಖ್ಯೆಗೇ ಸೇರಿಸಿವೆ. ಹಾಗಿದ್ದೂ ಮಂಡಿನೋವಿನಿಂದ ಆಟಿಸಂವರೆಗೆ ಎಲ್ಲಕ್ಕೂ ಸ್ಟೆಮ್ ಸೆಲ್ ಎಂಬ ಜಾಹೀರಾತು ನಿಂತಿಲ್ಲ. ದಾಳಿ, ನೋಟಿಸು ಬೇಕು, ಅದು ಅಧಿಕಾರಿಗಳ ಕೆಲಸ. ಜೊತೆಗೆ ಇನ್ನೊಂದು ಆಗಬೇಕು. ಹೋಲೊಕ್ಲಾರಿಗೆ ಪರವಾನಗಿ ಕೊಟ್ಟಾಗ ಯುರೋಪಿನ ಔಷಧ ಸಂಸ್ಥೆ ಸಾರ್ವಜನಿಕ ಮೌಲ್ಯಮಾಪನ ವರದಿ ಪ್ರಕಟಿಸಿತು. ಕೋಶ ಹೇಗೆ ಬೆಳೆಯುತ್ತದೆ, ಯಾವ ಪರೀಕ್ಷೆ ದಾಟಬೇಕು, ತಜ್ಞರಿಗೆ ಎಲ್ಲಿ ಅನುಮಾನ ಉಳಿದಿತ್ತು ಎಂಬುದನ್ನು ಯಾರು ಬೇಕಾದರೂ ಓದಬಹುದು. ನಮ್ಮಲ್ಲಿ ಸಿಗುವುದು ತಜ್ಞ ಸಮಿತಿಯ ನಡಾವಳಿಯ ಕೆಲವು ಸಾಲು. ಭಾರತದಲ್ಲಿ ಅನುಮತಿ ಪಡೆದ ಪ್ರತಿ ಕೋಶೌಷಧಕ್ಕೂ ಅಂಥದೇ ವರದಿ ಪೂರ್ಣವಾಗಿ ಹೊರಬರಲಿ, ಅದರ ಸಾರ ಕನ್ನಡದಲ್ಲೂ ಸಿಗಲಿ: ಮೂಲ ದಾನಿಯ ತಪಾಸಣೆ, ಪೋಷಕ ದ್ರವದ ಮೂಲ, ಇಮ್ಮಡಿಯ ಮಿತಿ, ವರ್ಣತಂತು ಪರೀಕ್ಷೆಯ ಬಗೆ, ಬ್ಯಾಚ್ ಬಿಡುಗಡೆಗೆ ಬೇಕಾದ ಕನಿಷ್ಠ ಗುಣ. ಹಣ ಕಟ್ಟುವ ಮುಂಚೆ ರೋಗಿಯ ಕಡೆಯವರು ಆ ವರದಿಯನ್ನು ಮುಂದಿಟ್ಟು, ತಮಗೆ ಕೊಡುತ್ತಿರುವ ಸೀಸೆಯ ಬ್ಯಾಚ್ ನಂಬರಿಗೆ ಈ ದಾಖಲೆಗಳು ಇವೆಯೇ ಎಂದು ಕೇಳುವಂತಾಗಬೇಕು, ಇಲ್ಲವೆಂದರೆ ಎದ್ದು ಬರುವಂತಾಗಬೇಕು.